ಸಂಗೀತಕ್ಕೊಂದು ಲ್ಯಾಪ್‌ಟಾಪ್: ಎಷ್ಟು ಹಣ ಸಾಕು?

ನಿವೃತ್ತ ಮೇಷ್ಟರಿಗೆ ಬರುವ ಪ್ರಶ್ನೆಗಳೂ ಕಾಲಧರ್ಮಕ್ಕೆ ತಕ್ಕಂತೆ ಬದಲಾಗುತ್ತವೆ. ಒಂದು ಕಾಲದಲ್ಲಿ ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿ, ಮಗನನ್ನು ಪಿಯುಸಿಯಲ್ಲಿ ವಿಜ್ಞಾನಕ್ಕೆ ಸೇರಿಸಲೋ ವಾಣಿಜ್ಯಕ್ಕೆ ಸೇರಿಸಲೋ ಎಂದು ಕೇಳುತ್ತಿದ್ದರು. ಅನಂತರ ಎಂಜಿನಿಯರಿಂಗ್‌ನಲ್ಲಿ ಯಾವ ವಿಭಾಗ ಒಳ್ಳೆಯದು ಎಂಬ ಪ್ರಶ್ನೆ ಬಂತು. ಈಚೆಗೆ ಮತ್ತೊಂದು ಬಗೆಯ ಪ್ರಶ್ನೆ ಆರಂಭವಾಗಿದೆ. "ಸಾರ್, ಮಗಳು ಮನೆಯಲ್ಲೇ ಹಾಡು ರೆಕಾರ್ಡ್ ಮಾಡ್ತೀನಿ ಅಂತಾಳೆ. ಅದಕ್ಕೆ ಲಕ್ಷ ರೂಪಾಯಿಯ ಲ್ಯಾಪ್‌ಟಾಪೇ ಆಗಬೇಕಂತೆ. ನಿಜವೇ?" ಇದು ತಂದೆಯರ ಪ್ರಶ್ನೆ. "ತಾತ, ಅಪ್ಪ ಕೊಡಿಸೋ ಇಪ್ಪತ್ತೈದು ಸಾವಿರದ ಲ್ಯಾಪ್‌ಟಾಪ್‌ನಲ್ಲಿ ಮ್ಯೂಸಿಕ್ ಮಾಡೋಕೆ ಆಗುತ್ತಾ?" ಇದು ನಮ್ಮ ಬಂಧುಬಳಗದ ಮೊಮ್ಮಕ್ಕಳ ಪ್ರಶ್ನೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವುದರ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ.

ಈ ವಿಷಯದಲ್ಲಿ ಮಾತನಾಡಲು ವಿಜ್ಞಾನದ ಮೇಷ್ಟರಿಗೆ ಏನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಶಬ್ದದ ಪಾಠ ಮಾಡಿದ್ದೇನೆ. ಶ್ರುತಿಕವೆಯನ್ನು ರಬ್ಬರಿನ ದಿಂಡಿಗೆ ಬಡಿದು ಮೇಜಿನ ಮೇಲೆ ಊರಿದಾಗ ನಿಮ್ಮ ಕಣ್ಣುಗಳು ಅರಳುತ್ತಿದ್ದುದು ನನಗೆ ಇನ್ನೂ ನೆನಪಿದೆ. ನಿವೃತ್ತಿಯ ನಂತರ ನಮ್ಮ ಬಡಾವಣೆಯ ಭಜನಾ ಮಂಡಳಿಯವರು ಹಾಡುವ ದೇವರನಾಮಗಳನ್ನು ಹಳೆಯದೊಂದು ಲ್ಯಾಪ್‌ಟಾಪಿನಲ್ಲಿ ಮುದ್ರಿಸಿ, ತಿದ್ದಿ, ವಿದೇಶದಲ್ಲಿರುವ ಅವರ ಮಕ್ಕಳಿಗೆ ಕಳುಹಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಪುಸ್ತಕದ ವಿದ್ಯೆಯೊಂದಿಗೆ ಅಷ್ಟಿಷ್ಟು ಕೈಯ ಅನುಭವವೂ ಸೇರಿದೆ.

ನನ್ನ ಅಭಿಪ್ರಾಯ ಇಷ್ಟು. ಮನೆಯಲ್ಲಿ ಸಂಗೀತ ಮುದ್ರಿಸಿ ಸಂಯೋಜಿಸಲು ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ. ಇರುವ ಹಣದಲ್ಲಿ ಹೆಚ್ಚೆಂದರೆ ಶೇಕಡ 60ರಷ್ಟನ್ನು ಮಾತ್ರ ಯಂತ್ರಕ್ಕೆ ಹಾಕಿ, ಉಳಿದದ್ದನ್ನು ಶಬ್ದವನ್ನು ಒಳಗೆ ತರುವ ಮತ್ತು ಹೊರಗೆ ಕೇಳಿಸುವ ಸಾಧನಗಳಿಗೆ ಮೀಸಲಿಡಬೇಕು. ಸಾಲ ಮಾಡಿ ಮೇಲಿನ ದರ್ಜೆಯ ಯಂತ್ರ ಕೊಳ್ಳುವುದು, ಕಲಿಯುವ ಹಂತದಲ್ಲಿರುವವರಿಗೆ ಸರ್ವಥಾ ತಕ್ಕುದಲ್ಲ.

ಹೀಗೇಕೆ ಹೇಳುತ್ತೇನೆಂಬುದಕ್ಕೆ ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕವಿಲ್ಲದ ಮೇಷ್ಟರ ಮಾತನ್ನು ನೀವು ಒಪ್ಪುವವರಲ್ಲ, ಒಪ್ಪಲೂ ಕೂಡದು.

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸುತ್ತದೆ ಎಂದು ನಿಮಗೆ ಬಾಯಿಪಾಠ ಮಾಡಿಸಿದ್ದೆನಷ್ಟೆ. ಶಬ್ದದ ಅಲೆಯನ್ನು ಅಂಕೆಗಳಾಗಿ ಬರೆದಿಡಬೇಕಾದರೆ, ಅದರಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತಲೂ ಹೆಚ್ಚು ಬಾರಿ ಪ್ರತಿ ಸೆಕೆಂಡಿಗೆ ಅದನ್ನು ಅಳೆಯಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ಅಳೆಯುವ ಪದ್ಧತಿಯನ್ನಿಟ್ಟುಕೊಂಡದ್ದು ಈ ಕಾರಣಕ್ಕಾಗಿ. ಇಂದು ಮನೆಯಲ್ಲಿ ಮುದ್ರಿಸುವವರು ಸಾಮಾನ್ಯವಾಗಿ 48,000 ಬಾರಿ, ಒಂದೊಂದು ಅಳತೆಗೂ 24 ಬಿಟ್, ಎಂದರೆ 3 ಬೈಟ್‌ಗಳಂತೆ ದಾಖಲಿಸುತ್ತಾರೆ. 48,000ವನ್ನು 3ರಿಂದ ಗುಣಿಸಿ: ಸೆಕೆಂಡಿಗೆ 1,44,000 ಬೈಟ್. ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಒಂದು ಕೃತಿಗೆ 43 ಎಂಬಿ. ಗಾಯನ, ಪಿಟೀಲು, ಮೃದಂಗದ ಎಡ ಬಲ, ಘಟ, ತಂಬೂರಿ, ಕೊಳಲು, ಜೊತೆಗೆ ಮೂವರ ಸಹಗಾನ ಎಂದು ಹತ್ತು ಪದರಗಳನ್ನು ಬೇರೆ ಬೇರೆಯಾಗಿ ಮುದ್ರಿಸಿದರೂ ಒಟ್ಟು 430 ಎಂಬಿ. ಮದುವೆಯ ವಿಡಿಯೊ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗ ತಿನ್ನುತ್ತದೆ.

ಆ ಹತ್ತೂ ಪದರಗಳನ್ನು ಒಟ್ಟಿಗೆ ನುಡಿಸುವಾಗ ಯಂತ್ರವು ಡಿಸ್ಕಿನಿಂದ ಸೆಕೆಂಡಿಗೆ ಓದಬೇಕಾದದ್ದು ಹತ್ತಿರಹತ್ತಿರ ಒಂದೂವರೆ ಎಂಬಿ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೂ ಇದು ನೀರು ಕುಡಿದಷ್ಟು ಸುಲಭ. ಅಂದಮೇಲೆ ನುಡಿಸಿದ್ದನ್ನು, ಹಾಡಿದ್ದನ್ನು ಮುದ್ರಿಸಿಕೊಳ್ಳುವ ಕೆಲಸಕ್ಕೆ ಲಕ್ಷ ರೂಪಾಯಿಯ ಯಂತ್ರ ಅನಾವಶ್ಯಕವೆಂಬುದು ಲೆಕ್ಕದಿಂದಲೇ ಸಿದ್ಧವಾಯಿತು.

ಹಾಗಾದರೆ ಯಂತ್ರಕ್ಕೆ ಭಾರವೆನಿಸುವುದು ಯಾವುದು? ಎರಡು ಸಂಗತಿಗಳು. ಒಂದು, ಕೈಯಲ್ಲಿಲ್ಲದ ವಾದ್ಯಗಳನ್ನು ಯಂತ್ರದೊಳಗಿಂದಲೇ ನುಡಿಸುವುದು. ಪಿಯಾನೋದ ಒಂದೊಂದು ಮನೆಯ ಧ್ವನಿಯನ್ನೂ ಹಲವು ಬಾರಿ ಮುದ್ರಿಸಿಟ್ಟ ಸಂಗ್ರಹಗಳಿರುತ್ತವೆ. ಅವು ರ‍್ಯಾಮ್‌ನಲ್ಲಿ ಬಂದು ಕುಳಿತುಕೊಳ್ಳುತ್ತವೆ. ಇನ್ನೊಂದು, ಮುದ್ರಿಸಿದ ಧ್ವನಿಗೆ ದೊಡ್ಡ ಸಭಾಂಗಣದ ಅನುರಣನವನ್ನೋ ಬೇರೆ ಮೆರುಗನ್ನೋ ಕೊಡುವ ಪ್ಲಗಿನ್‌ಗಳು. ಇವು ಪ್ರತಿ ಕ್ಷಣವೂ ಗುಣಾಕಾರ ಸಂಕಲನ ಮಾಡುತ್ತಲೇ ಇರಬೇಕಾದ್ದರಿಂದ ಪ್ರಾಸೆಸರಿಗೆ ದಣಿವು.

ಆದರೆ ಈ ದಣಿವಿಗೆ ಮದ್ದೂ ಇದೆ. ಸಂಗೀತದ ತಂತ್ರಾಂಶಗಳಲ್ಲಿ 'ಫ್ರೀಜ್' ಎಂಬ ಸೌಲಭ್ಯವಿರುತ್ತದೆ. ಒಂದು ಪದರದ ಕೆಲಸ ತೃಪ್ತಿಕರವಾಗಿ ಮುಗಿಯಿತು ಎನ್ನಿ. ಅದನ್ನು ಫ್ರೀಜ್ ಮಾಡಿದರೆ ಯಂತ್ರವು ಆ ಲೆಕ್ಕವನ್ನೆಲ್ಲ ಒಮ್ಮೆ ಮಾಡಿ ಮುಗಿಸಿ, ಫಲಿತಾಂಶವನ್ನು ಸಾಧಾರಣ ಧ್ವನಿಮುದ್ರಿಕೆಯಾಗಿ ಇಟ್ಟುಕೊಳ್ಳುತ್ತದೆ. ಮತ್ತೆ ಮತ್ತೆ ಲೆಕ್ಕ ಮಾಡುವ ಶ್ರಮ ತಪ್ಪುತ್ತದೆ. ಇದು ಹೊಸ ಯುಕ್ತಿಯೂ ಅಲ್ಲ. ಬೀಟಲ್ಸ್ ತಂಡದವರು 1967ರಲ್ಲಿ ಹೊರತಂದ 'ಸಾರ್ಜೆಂಟ್ ಪೆಪ್ಪರ್ಸ್' ಮುದ್ರಿಕೆಯನ್ನು ಲಂಡನ್ನಿನ ಸ್ಟುಡಿಯೊದಲ್ಲಿ ನಾಲ್ಕೇ ಪದರಗಳ ಟೇಪ್ ಯಂತ್ರಗಳಲ್ಲಿ ಸಿದ್ಧಪಡಿಸಿದ್ದರು. ನಾಲ್ಕು ತುಂಬಿದಾಗ ಅವನ್ನು ಬೆರೆಸಿ ಮತ್ತೊಂದು ಟೇಪಿಗೆ ಇಳಿಸಿ, ತೆರವಾದ ಜಾಗದಲ್ಲಿ ಮುಂದಿನ ವಾದ್ಯಗಳನ್ನು ಮುದ್ರಿಸುತ್ತಿದ್ದರು. ಇಂದಿನ ಮೂವತ್ತು ಸಾವಿರದ ಲ್ಯಾಪ್‌ಟಾಪು ಆ ಯಂತ್ರಗಳಿಗಿಂತ ಎಷ್ಟೋ ಹೆಚ್ಚು ಪದರಗಳನ್ನು ಹೊರಬಲ್ಲದು.

ಇನ್ನೊಂದು ಮುಖ್ಯ ವಿಷಯ ವಿಳಂಬ. ಮಕ್ಕಳು ಇದನ್ನು 'ಲೇಟೆನ್ಸಿ' ಎನ್ನುತ್ತಾರೆ. ನೀವು ಹಾಡಿದ್ದು ಮೈಕಿನಿಂದ ಯಂತ್ರದೊಳಗೆ ಹೋಗಿ ಹೆಡ್‌ಫೋನಿನಲ್ಲಿ ನಿಮ್ಮ ಕಿವಿಗೇ ಮರಳುವಷ್ಟರಲ್ಲಿ ಸ್ವಲ್ಪ ಕಾಲ ಕಳೆಯುತ್ತದೆ. ಯಂತ್ರವು ಅಳತೆಗಳನ್ನು ಒಂದೊಂದಾಗಿ ಸಾಗಿಸದೆ, ಮೊರದಲ್ಲಿ ಕಾಳು ತುಂಬಿ ಸುರಿದಂತೆ ಕಂತು ಕಂತಾಗಿ ಸಾಗಿಸುವುದೇ ಇದಕ್ಕೆ ಕಾರಣ. ಒಂದು ಕಂತಿನಲ್ಲಿ 256 ಅಳತೆಗಳಿದ್ದರೆ 256ನ್ನು 48,000ದಿಂದ ಭಾಗಿಸಿ, 5.3 ಮಿಲಿಸೆಕೆಂಡ್. ಕಂತು 1,024 ಆದರೆ 21 ಮಿಲಿಸೆಕೆಂಡ್. ಹೋಗಲು ಒಂದು ಕಂತು, ಬರಲು ಒಂದು ಕಂತು ಎಂದರೆ ಇದರ ಎರಡರಷ್ಟು.

ಇದನ್ನು ದೂರಕ್ಕೆ ಬದಲಾಯಿಸಿ ನೋಡಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪ್ರತಿಧ್ವನಿ ಸ್ಪಷ್ಟವಾಗಿ ಕೇಳಬೇಕಾದರೆ ಗೋಡೆ ಕನಿಷ್ಠ 17 ಮೀಟರ್ ದೂರದಲ್ಲಿರಬೇಕೆಂದು ಲೆಕ್ಕ ಹಾಕಿದ್ದು ನೆನಪಿದೆಯೇ? ಅದೇ ಸೂತ್ರ ಇಲ್ಲಿಯೂ. ಸಣ್ಣ ಕಂತಿನಲ್ಲಿ ಹೋಗಿ ಬರುವ ವಿಳಂಬವು ಮೂರೂವರೆ ಮೀಟರ್ ಆಚೆ ಕುಳಿತ ಮೃದಂಗದವರ ನಾದ ನಿಮ್ಮನ್ನು ತಲುಪಲು ಹಿಡಿಯುವಷ್ಟು ಕಾಲ. ಒಂದೇ ವೇದಿಕೆಯಲ್ಲಿ ಕುಳಿತವರಿಗೆ ಇದು ಅಡ್ಡಿಯಲ್ಲ. ದೊಡ್ಡ ಕಂತಿನಲ್ಲಾದರೆ ಅದೇ ಮೃದಂಗದವರು 14 ಮೀಟರ್ ದೂರ ಹೋಗಿ ಕುಳಿತಂತೆ, ತಾಳ ಕೈತಪ್ಪುತ್ತದೆ. ಯಂತ್ರ ಚುರುಕಾಗಿದ್ದಷ್ಟೂ ಸಣ್ಣ ಕಂತನ್ನು ತೊಡಕಿಲ್ಲದೆ ನಿಭಾಯಿಸುತ್ತದೆ ಎಂಬುದು ನಿಜ. ಆದರೆ ಇದಕ್ಕೆ ಬೇಕಾದದ್ದು ಲಕ್ಷದ ಲ್ಯಾಪ್‌ಟಾಪಲ್ಲ, 'ಆಡಿಯೊ ಇಂಟರ್‌ಫೇಸ್' ಎಂಬ ಪುಟ್ಟ ಪೆಟ್ಟಿಗೆ. ಮೈಕಿನ ವಿದ್ಯುತ್ ಸಂಕೇತವನ್ನು ಅಂಕೆಗಳಾಗಿಸಿ ಲ್ಯಾಪ್‌ಟಾಪಿಗೆ ಒಪ್ಪಿಸುವುದು ಅದರ ಕೆಲಸ. ಸಾಮಾನ್ಯ ದರ್ಜೆಯ ಹಲವು ಪೆಟ್ಟಿಗೆಗಳಲ್ಲೂ, ನೀವು ಹಾಡಿದ್ದು ಲ್ಯಾಪ್‌ಟಾಪಿನೊಳಗೆ ಸುತ್ತು ಹಾಕದೆ ನೇರವಾಗಿ ಹೆಡ್‌ಫೋನಿಗೆ ಬರುವ ವ್ಯವಸ್ಥೆ ಇರುತ್ತದೆ. ಅದೊಂದಿದ್ದರೆ ಹಾಡುವವರಿಗೆ ವಿಳಂಬದ ಕಾಟವೇ ಇಲ್ಲ. ವಿಂಡೋಸ್ ಬಳಸುವವರು ಆ ಪೆಟ್ಟಿಗೆಯ ತಯಾರಕರೇ ಕೊಡುವ 'ಆಸಿಯೊ' ಡ್ರೈವರ್ ಹಾಕಿಕೊಳ್ಳುವುದನ್ನು ಮರೆಯಬಾರದು.

ಇನ್ನು ಯಂತ್ರದ ಆಯ್ಕೆಗೆ ಬರೋಣ. ಅಂಗಡಿಗೆ ಹೋದಾಗ ಗಮನಿಸಬೇಕಾದ ಅಂಶಗಳನ್ನು ಪ್ರಾಮುಖ್ಯದ ಕ್ರಮದಲ್ಲಿಯೇ ಹೇಳುತ್ತೇನೆ.

ಮೊದಲನೆಯದು ರ‍್ಯಾಮ್. 8 ಜಿಬಿಯಲ್ಲಿ ಕಲಿಕೆ ಆರಂಭಿಸಬಹುದು. 16 ಜಿಬಿ ಇದ್ದರೆ ಬಹುಕಾಲ ನಿಶ್ಚಿಂತೆ. ಆದರೆ ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ, ಮುಂದೆ ಹೆಚ್ಚಿಸಲಾಗದು. "ಇದರಲ್ಲಿ ಖಾಲಿ ಸ್ಲಾಟ್ ಇದೆಯೇ?" ಎಂಬ ಒಂದೇ ಪ್ರಶ್ನೆ ಮುಂದಿನ ಹಲವು ಸಾವಿರ ರೂಪಾಯಿಗಳನ್ನು ಉಳಿಸುತ್ತದೆ.

ಎರಡನೆಯದು ಸಂಗ್ರಹ. ಎಸ್‌ಎಸ್‌ಡಿ ಇರಲೇಬೇಕು. ತೀರ ಅಗ್ಗದ ಲ್ಯಾಪ್‌ಟಾಪುಗಳಲ್ಲಿ 64 ಜಿಬಿಯ 'ಇಎಂಎಂಸಿ' ಎಂಬ ನಿಧಾನಗತಿಯ ಸಂಗ್ರಹವಿರುತ್ತದೆ. ವಿಂಡೋಸ್ ಕುಳಿತ ಮೇಲೆ ಅದರಲ್ಲಿ ಸಂಗೀತಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ಅದನ್ನು ಮುಟ್ಟಬೇಡಿ. 512 ಜಿಬಿ ಸಾಕಷ್ಟು.

ಮೂರನೆಯದು ಪ್ರಾಸೆಸರ್. ಇಂಟೆಲ್ ಐ5 ಅಥವಾ ಎಎಂಡಿ ರೈಜೆನ್ 5 ಎಂಬ ಮಧ್ಯಮ ವರ್ಗ ಸಾಕು. ಸಂಗೀತದಲ್ಲಿ ಒಂದು ಪದರದ ಮೇಲಿನ ಪ್ಲಗಿನ್‌ಗಳು ಸರಪಣಿಯಂತೆ ಒಂದರ ಹಿಂದೊಂದು ಕೆಲಸ ಮಾಡಬೇಕಾದ್ದರಿಂದ, ಕೋರ್‌ಗಳ ಸಂಖ್ಯೆಯಷ್ಟೇ ಒಂದೊಂದು ಕೋರ್‌ನ ವೇಗವೂ ಮುಖ್ಯ. ಹತ್ತು ಮಂದಿ ಸೋಮಾರಿಗಳಿಗಿಂತ ನಾಲ್ವರು ಚುರುಕಾದ ಆಳುಗಳು ಮೇಲು ಎನ್ನುವ ಲೆಕ್ಕ. ಸೆಲೆರಾನ್ ಹೆಸರಿನ ಹಳೆಯ ಯಂತ್ರಗಳು ಪತ್ರ ಬರೆಯಲು ಸರಿ, ಇದಕ್ಕೆ ಸಾಲವು.

ಬೇಡದ್ದೇನೆಂಬುದನ್ನೂ ಹೇಳಬೇಕು. ಆಟವಾಡುವವರಿಗೆಂದು ಮಾಡಿದ ಲ್ಯಾಪ್‌ಟಾಪುಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ನೀವು ಕೊಡುವ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ, ಸಂಗೀತಕ್ಕೆ ಅದರಿಂದ ಬರುವ ಉಪಯೋಗ ಅತ್ಯಲ್ಪ. ಮೇಲಾಗಿ ಅದನ್ನು ತಂಪಾಗಿಸುವ ಫ್ಯಾನ್ ಬುಸುಗುಡುತ್ತ ಮೈಕಿನೊಳಗೆ ಬಂದು ಕುಳಿತುಕೊಳ್ಳುತ್ತದೆ. ಅಂಗಡಿಯಲ್ಲಿ ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಕಿವಿಯನ್ನು ಹತ್ತಿರವಿಟ್ಟು ಆಲಿಸಿ. ಪರದೆಯ ಹೊಳಪನ್ನು ನೋಡುವವರೇ ಎಲ್ಲರೂ. ಸಂಗೀತಗಾರನಾದರೂ ಕಿವಿಯಿಂದ ಪರೀಕ್ಷಿಸಬೇಡವೇ?

ಬಳಸಿದ ಯಂತ್ರಗಳ ಬಗ್ಗೆ ನಮ್ಮವರಿಗೆ ಒಂದು ಬಗೆಯ ಸಂಕೋಚ. ಆದರೆ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಹೊರಗೆ ಹಾಕುವ ಕಚೇರಿ ದರ್ಜೆಯ ಲ್ಯಾಪ್‌ಟಾಪುಗಳು, ಅದೇ ಬೆಲೆಯ ಹೊಸ ಅಗ್ಗದ ಲ್ಯಾಪ್‌ಟಾಪುಗಳಿಗಿಂತ ಹಲವು ಬಾರಿ ಗಟ್ಟಿಯಾಗಿರುತ್ತವೆ. ಅವುಗಳಲ್ಲಿ ರ‍್ಯಾಮ್, ಡಿಸ್ಕ್ ಬದಲಿಸುವ ಅವಕಾಶವೂ ಸಾಮಾನ್ಯವಾಗಿ ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ದೊರೆಯುತ್ತವೆ. ಕೊಳ್ಳುವಾಗ ಮೂರು ಎಚ್ಚರಗಳಿರಲಿ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಅರ್ಹವಾಗಬೇಕಾದರೆ ಇಂಟೆಲ್ ಯಂತ್ರವು ಸ್ಥೂಲವಾಗಿ ಎಂಟನೆಯ ಪೀಳಿಗೆಯದ್ದು ಅಥವಾ ಅನಂತರದ್ದಾಗಿರಬೇಕು. ಆರು, ಏಳನೆಯ ಪೀಳಿಗೆಯ ಯಂತ್ರಗಳನ್ನು ಅಗ್ಗವೆಂದು ಕಟ್ಟಿಕೊಡುವವರಿದ್ದಾರೆ, ಜಾಗ್ರತೆ. ಎರಡು, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕಣ್ಣಾರೆ ನೋಡಿ. ಮೂರು, 'ಲೇಟೆನ್ಸಿಮಾನ್' ಎಂಬ ಉಚಿತ ತಂತ್ರಾಂಶವನ್ನು ಐದು ಹತ್ತು ನಿಮಿಷ ಓಡಿಸಿ. ಆ ಯಂತ್ರ ನಡುನಡುವೆ ಧ್ವನಿಯನ್ನು ತುಂಡರಿಸುವ ಸಂಭವವಿದೆಯೇ ಎಂಬುದನ್ನು ಅದು ತಿಳಿಸುತ್ತದೆ. ವೈಫೈ ಆರಿಸಿದ ಮಾತ್ರಕ್ಕೆ ಸರಿಹೋಗುವ ಯಂತ್ರಗಳೂ ಉಂಟು.

ಆಪಲ್ ಕಂಪನಿಯ ಮ್ಯಾಕ್‌ಬುಕ್ಕೇ ಬೇಕೆಂಬ ಹಟ ಮಕ್ಕಳಲ್ಲಿ ಹೆಚ್ಚು. ಅವು ಒಳ್ಳೆಯ ಯಂತ್ರಗಳೆಂಬುದರಲ್ಲಿ ಸಂದೇಹವಿಲ್ಲ. 2020ರ ಕೊನೆಯಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲವಾದ್ದರಿಂದ ನಿಶ್ಶಬ್ದ; ಗ್ಯಾರೇಜ್‌ಬ್ಯಾಂಡ್ ತಂತ್ರಾಂಶವೂ ಉಚಿತ. ಬಳಸಿದ ಎಂ1 ಯಂತ್ರ ನಂಬಿಕಸ್ಥರಿಂದ ನಿಮ್ಮ ಮಿತಿಯೊಳಗೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ. ರ‍್ಯಾಮನ್ನು ಮುಂದೆ ಹೆಚ್ಚಿಸಲಾಗದೆಂಬುದು ನೆನಪಿರಲಿ. ಮಿತಿ ಮೀರಿದರೆ ಬಿಟ್ಟುಬಿಡಿ.

ತಂತ್ರಾಂಶದ ಮಾತು ಬಂದಾಗ ಮೇಷ್ಟರಾಗಿ ಕಟುವಾಗಿ ಒಂದು ಮಾತು ಹೇಳುತ್ತೇನೆ. ಬೀಗ ಮುರಿದ ಕಳ್ಳ ತಂತ್ರಾಂಶಗಳನ್ನು ಹಾಕಿಕೊಳ್ಳಬೇಡಿ. ಅವುಗಳೊಂದಿಗೆ ವೈರಸ್ ಬರುವುದು ಒಂದು ಅಪಾಯ. ಅದಕ್ಕಿಂತ ದೊಡ್ಡದು ಮನಸ್ಸಿಗೆ ಅಂಟುವ ಕೊಳೆ. ನಾಳೆ ನಿಮ್ಮ ಹಾಡನ್ನು ಯಾರೋ ಕದ್ದು ತಮ್ಮದೆಂದರೆ ನೋವಾಗುವುದಿಲ್ಲವೇ? ತಂತ್ರಾಂಶ ಬರೆದವನೂ ನಿಮ್ಮಂತೆಯೇ ರಾತ್ರಿ ನಿದ್ದೆಗೆಟ್ಟವನು. ಕದಿಯುವ ಅಗತ್ಯವಾದರೂ ಎಲ್ಲಿದೆ? ಆಡಾಸಿಟಿ ಉಚಿತ. ಎಲ್‌ಎಂಎಂಎಸ್ ಉಚಿತ. ಪಾಲ್ ಡೇವಿಸ್ ಎಂಬವರು ಆರಂಭಿಸಿದ ಆರ್ಡರ್ ಎಂಬುದು ಸ್ವತಂತ್ರ ತಂತ್ರಾಂಶ. ಲಿನಕ್ಸ್ ಬಳಸುವವರಿಗೆ ವರದಾನ. ರೀಪರ್ ಎಂಬುದನ್ನು 60 ದಿನ ಪೂರ್ಣರೂಪದಲ್ಲಿ ಪರೀಕ್ಷಿಸಿ ನೋಡಬಹುದು. ಮೆಚ್ಚಿದರೆ ಸ್ವಂತ ಬಳಕೆಗೆ ರಿಯಾಯಿತಿ ಬೆಲೆ 60 ಡಾಲರ್. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದು ಹಗುರವಾಗಿ ಓಡುತ್ತದೆ. ನಾನು ಬಳಸುವುದೂ ಅದನ್ನೇ.

ಈಗ ಹಣದ ಹಂಚಿಕೆ. ಈ ಬರಹದ ತಿರುಳು ಇದೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿಕ್ಕ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾನೆ. ಮಗಳು ಬಿ.ಕಾಂ. ಓದುತ್ತಿದ್ದಾಳೆ, ಇಂಪಾಗಿ ಹಾಡುತ್ತಾಳೆ, ತಾನೇ ರಾಗ ಸಂಯೋಜಿಸುತ್ತಾಳೆ. ಯಾರೋ 1,20,000 ರೂಪಾಯಿಯ ಯಂತ್ರ ಹೇಳಿದರಂತೆ. "ಸಾರ್, ಎರಡು ವರ್ಷದ ಕಂತು ಕಟ್ಟಿಸ್ಕೊಳ್ತಾರಂತೆ. ಇಲ್ಲಾಂದ್ರೆ ನಮ್ಮನೆಯವಳ ಬಳೆ ಅಡವಿಡೋಣ ಅಂತಿದೀನಿ" ಎಂದ. ಬಡ್ಡಿಯನ್ನು ಬದಿಗಿಟ್ಟರೂ ತಿಂಗಳಿಗೆ 5,000 ರೂಪಾಯಿ! ಹಬ್ಬದ ಹಂಗಾಮು ಬಿಟ್ಟರೆ ರವಿಕೆ ಹೊಲಿದು ಬರುವ ಹಣವೆಷ್ಟು? "ಬಳೆಯ ಮಾತು ಬಿಡಪ್ಪ, ಕೈಯಲ್ಲಿ ಎಷ್ಟಿದೆ ಹೇಳು" ಎಂದೆ. ಕಷ್ಟಪಟ್ಟು ಕೂಡಿಟ್ಟದ್ದು 60,000 ಇತ್ತು. ನಾನು ಕೊಟ್ಟ ಲೆಕ್ಕ ಹೀಗಿತ್ತು: 35,000 ರೂಪಾಯಿ ಯಂತ್ರಕ್ಕೆ. ಉಳಿದ 25,000ದಲ್ಲಿ ಆಡಿಯೊ ಇಂಟರ್‌ಫೇಸ್, ಒಂದು ಮೈಕ್, ಕಿವಿಯನ್ನು ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್, ಮೈಕಿನ ಸ್ಟ್ಯಾಂಡ್, ಕೇಬಲ್ ಮತ್ತು ಮಾಡಿದ ಕೆಲಸದ ಪ್ರತಿ ಇಟ್ಟುಕೊಳ್ಳಲು ಹೊರಗಿನ ಹಾರ್ಡ್‌ಡಿಸ್ಕ್. ಬೆಲೆಗಳು ಏರಿಳಿಯುತ್ತಲೇ ಇರುತ್ತವೆ. ನೀವು ನೆನಪಿಡಬೇಕಾದದ್ದು ಅನುಪಾತವನ್ನು.

ಹೀಗೇಕೆ ಎಂದರೆ, ಲ್ಯಾಪ್‌ಟಾಪಿನ ಬೆಲೆ ಕೇಳುಗನ ಕಿವಿಗೆ ಕೇಳಿಸುವುದಿಲ್ಲ. ಮೈಕ್ ಕೇಳಿಸುತ್ತದೆ, ಕೋಣೆ ಕೇಳಿಸುತ್ತದೆ, ಹಾಡುವವಳ ಸಾಧನೆ ಕೇಳಿಸುತ್ತದೆ. ಲಕ್ಷದ ಲ್ಯಾಪ್‌ಟಾಪಿನ ಒಳಮೈಕಿನಲ್ಲಿ ಮುದ್ರಿಸಿದ ಹಾಡು, ಸಾಧಾರಣ ಲ್ಯಾಪ್‌ಟಾಪಿಗೆ ಒಳ್ಳೆಯ ಮೈಕ್ ಸೇರಿಸಿ ಮುದ್ರಿಸಿದ ಹಾಡಿಗೆ ಸಮನಾಗದು. ಬ್ಲೂಟೂತ್ ಹೆಡ್‌ಫೋನ್ ಎಷ್ಟು ದುಬಾರಿಯಾದರೂ ಈ ಕೆಲಸಕ್ಕೆ ಬಾರದು. ಅದರ ವಿಳಂಬ ತಾಳವನ್ನು ಕೆಡಿಸುತ್ತದೆ. ಮನೆಯಲ್ಲಿ ಗದ್ದಲ ಹೆಚ್ಚಿದ್ದರೆ ಕಂಡೆನ್ಸರ್ ಮೈಕಿಗಿಂತ ಡೈನಮಿಕ್ ಮೈಕ್ ಲೇಸು. ಅದು ಹತ್ತಿರದ ಬಾಯಿಯ ಧ್ವನಿಯನ್ನು ಹಿಡಿದು, ಅಡುಗೆಮನೆಯ ಕುಕ್ಕರಿನ ಸೀಟಿಯನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ.

ಕೋಣೆಯನ್ನು ಸಿದ್ಧಪಡಿಸಲು ಹಣ ಬೇಕಿಲ್ಲ. ಬರಿಗೋಡೆಗಳ ಕೋಣೆಯಲ್ಲಿ ಧ್ವನಿ ಪ್ರತಿಫಲಿಸಿ ಡಬ್ಬಿಯೊಳಗೆ ಹಾಡಿದಂತಾಗುತ್ತದೆ. ಹಾಡುವವರ ಹಿಂದೆ ಮತ್ತು ಪಕ್ಕಗಳಲ್ಲಿ ಹಗ್ಗ ಕಟ್ಟಿ ದಪ್ಪ ಕಂಬಳಿ, ಜಮಖಾನ, ಕೌದಿಗಳನ್ನು ಇಳಿಬಿಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಚಾರ್ಜರಿಗೆ ಸಿಕ್ಕಿಸಿದಾಗ ಗುಂಯ್ ಎಂಬ ಸದ್ದು ಬಂದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು. ಮುದ್ರಿಸುವ ಹೊತ್ತಿನಲ್ಲಿ ಪ್ಲಗ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಮಲೆನಾಡಿನ ಹೆಂಚಿನ ಮನೆಯವರು ಆಷಾಢದ ಮಳೆಯಲ್ಲಿ ಮೈಕ್ ಮುಟ್ಟದೆ, ಆ ದಿನಗಳನ್ನು ಮುದ್ರಿಸಿದ್ದನ್ನು ತಿದ್ದಲು ಬಳಸಿಕೊಳ್ಳಲಿ.

ನಮ್ಮ ಸಂಗೀತದ ಮಟ್ಟಿಗೆ ಮತ್ತೊಂದು ಮಾತು. 1983ರಲ್ಲಿ ರೂಪುಗೊಂಡ ಮಿಡಿ ಪದ್ಧತಿಯು ಮುಖ್ಯವಾಗಿ ಕೀಬೋರ್ಡಿನ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದ್ದು. ಸ್ವರದಿಂದ ಸ್ವರಕ್ಕೆ ಜಾರುವ ಗಮಕಗಳನ್ನು ಅದರಲ್ಲಿ ತರಲು ಸ್ವರವನ್ನು ಬಾಗಿಸುವ ಚಕ್ರವಿದೆಯಾದರೂ, ತೋಡಿಯ ಗಾಂಧಾರವನ್ನು ಚಕ್ರ ತಿರುಗಿಸಿ ಒಲಿಸಿಕೊಳ್ಳುವುದಕ್ಕಿಂತ ಬಾಯಲ್ಲಿ ಹಾಡಿ ಮುದ್ರಿಸುವುದು ಸುಲಭ, ಸಹಜ. ಆದ್ದರಿಂದ ಕರ್ನಾಟಕ ಸಂಗೀತ, ಭಾವಗೀತೆ, ಜನಪದ ಗೀತೆಗಳಲ್ಲಿ ತೊಡಗುವವರಿಗೆ ಭಾರಿ ವಾದ್ಯಸಂಗ್ರಹಗಳ ಅಗತ್ಯ ಕಡಿಮೆ. ಅದರಿಂದಾಗಿ ಭಾರಿ ಯಂತ್ರದ ಅಗತ್ಯವೂ ಕಡಿಮೆ. ತಂಬೂರಿಯ ಶ್ರುತಿಗೆ ಕೈಯಲ್ಲಿರುವ ಫೋನೇ ಸಾಕು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. "ಅಗ್ಗದ್ದು ಕೊಂಡರೆ ಎರಡು ಸಲ ಕೊಂಡಂತೆ" ಎನ್ನುವವರಿದ್ದಾರೆ. ಇಎಂಎಂಸಿ ಸಂಗ್ರಹದ ಆಟಿಕೆ ಲ್ಯಾಪ್‌ಟಾಪಿನ ವಿಷಯದಲ್ಲಿ ಅವರ ಮಾತು ನಿಜ; ಅದಕ್ಕಾಗಿಯೇ ಕನಿಷ್ಠ ಅಳತೆಗಳನ್ನು ಮೇಲೆ ಬರೆದಿದ್ದೇನೆ. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಒದಗಿಸುತ್ತ, ನೂರು ಪಿಟೀಲುಗಳ ವಾದ್ಯವೃಂದವನ್ನು ಯಂತ್ರದಿಂದಲೇ ಹೊರಡಿಸುವವರಿಗೆ 32 ಜಿಬಿ, 64 ಜಿಬಿ ರ‍್ಯಾಮಿನ ಯಂತ್ರ ಬೇಕೆಂಬುದೂ ನಿಜ. ಆದರೆ ಅವರಿಗೆ ಅದು ಸಂಪಾದನೆಯ ಸಾಧನ, ಸಂಪಾದನೆಯಿಂದಲೇ ಕೊಳ್ಳುತ್ತಾರೆ. ಕಲಿಯುವವನು ಮೊದಲ ದಿನವೇ ಆ ಭಾರ ಹೊರಬೇಕಿಲ್ಲ. ಮಗ್ಗಿ ಕಲಿಯುವ ಮಗುವಿಗೆ ಲಾಗರಿತಮ್ ಪುಸ್ತಕವೇಕೆ?

ಚರಿತ್ರೆಯೂ ಇದನ್ನೇ ಹೇಳುತ್ತದೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡದ್ದು ಹೋಟೆಲಿನ ಕೋಣೆಯಲ್ಲಿ ಹೂಡಿದ ತಾತ್ಕಾಲಿಕ ಸ್ಟುಡಿಯೊದಲ್ಲಿ. ಆ ಗಾಯಕಿ ಕೊನೆಗಾಲದಲ್ಲಿ ನಮ್ಮ ಮೈಸೂರಿನ ಆಸ್ಥಾನದ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಬಹುಕಾಲ ಕನ್ನಡ ಸಿನಿಮಾದ ಹಾಡುಗಳ ಮುದ್ರಣಕ್ಕೆ ಮದರಾಸಿಗೆ ಹೋಗಬೇಕಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದು ಆಗ ಸಾಹಸವೆನಿಸಿತ್ತು. ಇನ್ನು 2020ರ ಜನವರಿಯಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಗ್ರ್ಯಾಮಿ ಪಡೆದ ಬಿಲಿ ಐಲಿಶ್ ಅವರ ಮುದ್ರಿಕೆ ಬಹುಪಾಲು ಸಿದ್ಧವಾದದ್ದು ಲಾಸ್ ಏಂಜಲೀಸ್‌ನ ಅವರ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಹೋಟೆಲಿನ ಕೋಣೆಯಿಂದ ಸ್ಟುಡಿಯೊಗೆ ಹೋದ ಧ್ವನಿಮುದ್ರಣ ಮತ್ತೆ ಮನೆಯ ಕೋಣೆಗೇ ಬಂದಿದೆ. ಹಾಗೆ ಬಂದ ಬಾಗಿಲನ್ನು, "ಲಕ್ಷದ ಯಂತ್ರವಿಲ್ಲದವರು ಒಳಗೆ ಬರಬೇಡಿ" ಎಂಬ ಸುಳ್ಳಿನಿಂದ ನಾವೇ ಮುಚ್ಚಬಾರದು. ಆ ಸುಳ್ಳನ್ನು ನಂಬಿ ಹೊಲಿಗೆಯವನ ಮಗಳು ಹಾಡುವುದನ್ನು ಬಿಟ್ಟರೆ ನಷ್ಟ ಅವಳದ್ದಷ್ಟೇ ಅಲ್ಲ.

ಮಕ್ಕಳಿಗೆ ನನ್ನ ಸೂಚನೆ: ಕೊಳ್ಳುವ ಮೊದಲು ಮೂರು ತಿಂಗಳು ಇರುವ ಫೋನಿನಲ್ಲಿಯೇ ಕೆಲಸ ಮಾಡಿ. ಬ್ಯಾಂಡ್‌ಲ್ಯಾಬ್‌ನಂಥ ಉಚಿತ ಆ್ಯಪ್‌ಗಳಿವೆ. ಮೂರು ಹಾಡುಗಳನ್ನು ಆದಿಯಿಂದ ಅಂತ್ಯದವರೆಗೆ ಪೂರ್ಣಗೊಳಿಸಿ. ಅರ್ಧಕ್ಕೆ ಬಿಟ್ಟ ಮೂವತ್ತು ಹಾಡುಗಳಿಗಿಂತ ಮುಗಿಸಿದ ಮೂರು ಹಾಡುಗಳು ನಿಮ್ಮ ಪರವಾಗಿ ಅಪ್ಪನ ಮುಂದೆ ಚೆನ್ನಾಗಿ ವಾದಿಸುತ್ತವೆ. ಆಮೇಲೆ ಕೊಡಿಸಿದ ಯಂತ್ರದ ಮಿತಿಯನ್ನು ಮುಟ್ಟುವವರೆಗೂ ಹೊಸದನ್ನು ಕೇಳಬೇಡಿ.

ತಂದೆತಾಯಿಯರಿಗೆ: ಮೂರು ಹಾಡು ಮುಗಿಸಿ ತೋರಿಸಿದ ಮಗುವಿಗೆ "ಇದೆಲ್ಲ ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ" ಎನ್ನಬೇಡಿ. ಇಲ್ಲಿ ಹೇಳಿದ ಯಂತ್ರ ಬಿ.ಕಾಂ. ಲೆಕ್ಕಕ್ಕೂ, ಪ್ರಾಜೆಕ್ಟ್ ವರದಿಗೂ ಒದಗುತ್ತದೆ, ಹಣ ವ್ಯರ್ಥವಾಗದು. ಆದರೆ ಅದಕ್ಕಾಗಿ ಒಡವೆ ಅಡವಿಡಬೇಡಿ, ಕಂತಿಗೆ ಕೊರಳೊಡ್ಡಬೇಡಿ. ಸಾಲದ ಯಂತ್ರದ ಮುಂದೆ ಕುಳಿತ ಮಗು ಹಾಡಿನ ಜೊತೆಗೆ ಮನೆಯ ಚಿಂತೆಯನ್ನೂ ಹೊರಬೇಕಾಗುತ್ತದೆ.

ನಿಮ್ಮ ಅನುಭವಗಳೇನಾದರೂ ಭಿನ್ನವಾಗಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿದ್ದಂತೆ ಇಲ್ಲಿ ಕೈ ಎತ್ತಿ ಅಪ್ಪಣೆ ಕೇಳಬೇಕಿಲ್ಲ. ಹಾಗೆಯೇ ನಿಮ್ಮ ಮಕ್ಕಳು ಮುಗಿಸಿದ ಹಾಡುಗಳನ್ನು ನನಗೂ ಕಳುಹಿಸಿಕೊಡಿ. ಸಾವಧಾನವಾಗಿ ಕೇಳುತ್ತೇನೆ. ಶ್ರುತಿ ತಪ್ಪಿದ್ದರೆ ಮುಲಾಜಿಲ್ಲದೆ ಹೇಳುತ್ತೇನೆ. ಲ್ಯಾಪ್‌ಟಾಪ್ ಯಾವುದೆಂದು ಮಾತ್ರ ಕೇಳುವುದಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ.